ತಂಬಿಲಕ್ಕೆ ಮಗಳು ಸೀರೆಯುಟ್ಟು ಬರುತ್ತೇನೆ ಅಂತಾಳೆ

ಪ್ರಶ್ನೆ: ಮಂಜೇಶ್ವರ ಕಡೆಯವಳು ನಾನು. ಮಗ ಅಂತ ಬೆಳೆಸಿದ ನನ್ನ ಹಿರಿಯ ಮಗು ತಾನು ಹೆಣ್ಣು ಎಂದು ಹೋದ ವರ್ಷ ಹೇಳಿತು. ಈಗ ಕೊಚ್ಚಿಯಲ್ಲಿ ಹೆಣ್ಣಾಗಿಯೇ ಇದ್ದಾಳೆ, ಕೆಲಸವಿದೆ. ಮುಂದಿನ ತಿಂಗಳು ತರವಾಡು ಮನೆಯಲ್ಲಿ, ಅಂದರೆ ಗಂಡನ ಕಡೆಯ ಮೂಲಮನೆಯಲ್ಲಿ, ತಂಬಿಲ (ಮನೆಯ ದೈವಕ್ಕೆ ಸಲ್ಲಿಸುವ ಸೇವೆ). ಸೀರೆಯುಟ್ಟು ಬರುತ್ತೇನೆ ಅಂತಾಳೆ. ದೊಡ್ಡ ಭಾವ, “ಮೈಲಿಗೆ ಆಗ್ತದೆ. ಗಂಡಾಗಿ ಬರುವುದಾದರೆ ಬರಲಿ, ಇಲ್ಲದಿದ್ದರೆ ದೈವದ ಹತ್ತಿರವೇ ಕೇಳುವ” ಅಂತಾರೆ. ಕಿರಿಯ ಮಗಳಿಗೆ ಸಂಬಂಧವೂ ನೋಡುತ್ತಿದ್ದೇವೆ. ಏನು ಮಾಡಲಿ?

ಉತ್ತರ: ಮೊದಲು ದೈವದ ಹತ್ತಿರ ಕೇಳುವ ಎಂಬ ಭಾವನ ಮಾತನ್ನು ತಡೆಯಿರಿ. ದರ್ಶನದ ಹೊತ್ತಿಗೆ, ಅಂದರೆ ದೈವ ಪಾತ್ರಿಯ ಮೈಮೇಲೆ ಬಂದಾಗ, ಅರಿಕೆ ಮಾಡುವವರು ತರವಾಡಿನ ಹಿರಿಯ ಯಜಮಾನರು. ಅವರು ಮಾತನ್ನು ಹೇಗೆ ಇಡುತ್ತಾರೋ ದೈವದ ನುಡಿಯೂ ಹೆಚ್ಚಾಗಿ ಆ ಕಡೆಗೇ ವಾಲುತ್ತದೆ. ಎಲ್ಲರೆದುರು ಒಮ್ಮೆ “ಬೇಡ” ಎಂದಾದರೆ, ನಾಳೆ ಭಾವನ ಮನಸ್ಸು ಕರಗಿದರೂ ಅದನ್ನು ದಾಟಲು ಅವರಿಗೇ ಆಗುವುದಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಡುವುದಕ್ಕೂ ಇದೇ ಮಾತು. ಇದು ಮನೆಯವರ ತಕರಾರು, ಚಾವಡಿಯಲ್ಲೇ ಮುಗಿಯಲಿ.

ಮೈಲಿಗೆಗೆ ನಮ್ಮಲ್ಲಿ ಲೆಕ್ಕವಿದೆ: ಹೆರಿಗೆಯ ಅಮೆ, ಸಾವಿನ ಸೂತಕ, ಮುಟ್ಟು, ಮೀಯದೆ ಬರುವುದು. “ಇದರಲ್ಲಿ ಯಾವುದು ಭಾವ?” ಎಂದು ಮೆಲ್ಲಗೆ ಕೇಳಿ. ಉಳಿಯುವುದು ಊರವರ ಬಾಯಿಯ ಹೆದರಿಕೆ ಮಾತ್ರ. 2018ರ ಡಿಸೆಂಬರಿನಲ್ಲಿ ಶಬರಿಮಲೆಗೆ ಹೊರಟ ನಾಲ್ವರು ಟ್ರಾನ್ಸ್ ಮಹಿಳೆಯರನ್ನು ಪೊಲೀಸರು ಮೊದಲು ತಡೆದಿದ್ದರು. ಗಂಡಸರ ಉಡುಪು ಹಾಕಿ ಬನ್ನಿ ಎಂದರೆಂದು ಅವರು ದೂರಿದ್ದರು. ತಂತ್ರಿಗಳ ಆಕ್ಷೇಪವಿಲ್ಲ ಎಂದು ಗೊತ್ತಾದ ಮೇಲೆ ಸೀರೆಯಲ್ಲೇ ಹತ್ತಿ ದರ್ಶನ ಮಾಡಿದರು. ಭಾವನಂಥವರಿಗೆ ನಾಟುವುದು ಇಂಥ ಉದಾಹರಣೆ. ಜುಮಾದಿ ದೈವಕ್ಕೆ ಮೀಸೆಯೂ ಇದೆ, ಮೊಲೆಯೂ ಇದೆ ಎಂಬ ವಾದ ಮಾತ್ರ ಬೇಡ; ಯಕ್ಷಗಾನದ ಸ್ತ್ರೀವೇಷದ ಮಾತು ಇನ್ನೂ ಬೇಡ. ವೇಷ ಬೆಳಗಾದರೆ ಕಳಚುತ್ತದೆ. “ಹಾಗಾದರೆ ಇವನೂ ಕಳಚಲಿ” ಎನ್ನಲು ನೀವೇ ದಾರಿ ತೋರಿಸಿದಂತಾಗುತ್ತದೆ.

ಭಾವನ ಹತ್ತಿರ ಮಾತಾಡಬೇಕಾದವರು ನಿಮ್ಮ ಗಂಡ, ನೀವಲ್ಲ. ಸೊಸೆಯ ಮಾತನ್ನು ಹೆಂಗಸರ ಮರುಕ ಎಂದು ತಳ್ಳಿಬಿಡುತ್ತಾರೆ. ಎರಡು ವಾರ ಮೊದಲೇ ಅಣ್ಣನ ಮನೆಗೆ ಒಬ್ಬರೇ ಹೋಗಲಿ. ಒಪ್ಪಿಗೆ ಕೇಳುವುದು ಬೇಡ, ಏರ್ಪಾಡು ಹೇಳಲಿ: ಬರುತ್ತಾಳೆ, ಹೆಂಗಸರ ಸಾಲಿನಲ್ಲಿ ತಾಯಿಯ ಪಕ್ಕ ನಿಲ್ಲುತ್ತಾಳೆ, ಪ್ರಸಾದವನ್ನೂ ಅಲ್ಲೇ ತೆಗೆದುಕೊಳ್ಳುತ್ತಾಳೆ. ಎಡವಟ್ಟಾಗುವುದು ಸಣ್ಣ ಜಾಗಗಳಲ್ಲಿ. ಪ್ರಸಾದಕ್ಕೆ ಹಳೆಯ ಹೆಸರು ಕೂಗಿಬಿಡುತ್ತಾರೆ. ಕೂಗುವವರಿಗೆ ಮೊದಲೇ ಹೊಸ ಹೆಸರು ಹೇಳಿಡಿ. ಸೀರೆ ಬದಲಿಸಲು, ರಾತ್ರಿ ಮಲಗಲು ನಿಮ್ಮ ಕೋಣೆಯನ್ನೇ ಗೊತ್ತು ಮಾಡಿ.

ಸಂಬಂಧದ ವಿಷಯ ಕಷ್ಟವೇನಲ್ಲ. ಇಬ್ಬರು ಮಕ್ಕಳನ್ನೂ ಕೇಳಿಕೊಂಡು, ನಿಶ್ಚಿತಾರ್ಥಕ್ಕೆ ಮೊದಲೇ ನೀವೇ ಹುಡುಗನ ಮನೆಯವರಿಗೆ ಹೇಳಿ. ಬ್ರೋಕರನ ಬಾಯಿಂದ ಹೋದರೆ ಕಥೆ ಬೇರೆಯೇ ಆಗುತ್ತದೆ.

“ಡಾಕ್ಟರ ಹತ್ತಿರ ಸರಿ ಮಾಡಿಸಿ” ಎನ್ನುವವರೂ ಬರುತ್ತಾರೆ. ಅಂಥ ‘ಚಿಕಿತ್ಸೆ’ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆಯ 12ನೇ ಕಲಂ ಪ್ರಕಾರ ಹೆತ್ತವರ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ; ಬಲವಂತವಾಗಿ ಮನೆ ಬಿಡಿಸುವುದು ಶಿಕ್ಷಾರ್ಹ. ಇದು ನಿಮಗೆ ಗೊತ್ತಿದ್ದರೆ ಸಾಕು, ಚಾವಡಿಯಲ್ಲಿ ಎತ್ತಬೇಡಿ; ಕಾನೂನು ಎಂದ ಕೂಡಲೇ ಹಿರಿಯರು ಹಟಕ್ಕೆ ಬೀಳುತ್ತಾರೆ. ಬೆದರಿಕೆ, ಹೊಡೆತದವರೆಗೆ ಹೋದರೆ ಮಾತ್ರ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಕಾನೂನು ನೆರವು ಉಚಿತ.

ಆ ದಿನ ಹೊರಡಲು ನಿಮ್ಮದೇ ವಾಹನ ಇರಲಿ. ಯಾರಾದರೂ ಬಾಯಿಗೆ ಬಂದಂತೆ ಮಾತಾಡಿದರೆ ವಾದಕ್ಕೆ ನಿಲ್ಲಬೇಡಿ, ಅವಳೊಬ್ಬಳನ್ನೇ ಕಳಿಸಲೂ ಬೇಡಿ. ಊಟ ಬಾಕಿಯಿದ್ದರೂ ನೀವಿಬ್ಬರೂ ಜೊತೆಗೇ ಹೊರಡಿ.