ಅಂಗನವಾಡಿಯಲ್ಲಿ ಮ್ಯೂಸಿಕ್ ಥೆರಪಿಯ ವಿಧಾನ ಬಳಸಬಹುದಾ?

ಅರಸೀಕೆರೆ ಕಡೆಯ ಅಂಗನವಾಡಿಯಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ಮ್ಯೂಸಿಕ್ ಥೆರಪಿಯ, ಅಂದರೆ ಸಂಗೀತದ ಮೂಲಕ ಕೊಡುವ ಚಿಕಿತ್ಸೆಯ, ವಿಧಾನ ಬಳಸಬಹುದಾ, ವಾದ್ಯ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಖಂಡಿತ ಬಳಸಿ. ಥೆರಪಿ ಮಾಡೋಕೆ ತರಬೇತಿ ಪಡೆದವರೇ ಬೇಕು, ಆದರೆ ಅವರ ಕೆಲವು ವಿಧಾನಗಳನ್ನು ಯಾವ ಟೀಚರ್ ಬೇಕಾದರೂ ಕಲಿಯಬಹುದು.

ಮಕ್ಕಳು ಗಲಾಟೆ ಮಾಡ್ತಿರುವಾಗ ಜೋಗುಳ ಹಾಡಿದರೆ ಯಾರೂ ಕೇಳುವುದಿಲ್ಲ, ಅಲ್ವಾ? ಮೊದಲು ಜೋರಾಗಿ ಚಪ್ಪಾಳೆ ತಟ್ಟಿಸಿ, ಅವರ ವೇಗಕ್ಕೇ ಸೇರಿಕೊಳ್ಳಿ. ಆಮೇಲೆ ನಿಧಾನವಾಗಿ ವೇಗ ಇಳಿಸಿ, ದನಿಯನ್ನೂ ತಗ್ಗಿಸಿ.

ನನಗೆ ತುಂಬಾ ಇಷ್ಟವಾದದ್ದು ಹಾಡಿನ ಸಾಲನ್ನು ಅರ್ಧಕ್ಕೆ ನಿಲ್ಲಿಸುವುದು. ಬಾಯಿಪಾಠವಾದ ಹಾಡಿನ ಕೊನೆಯ ಪದ ಬಿಟ್ಟು, ಮಗುವಿನ ಮುಖ ನೋಡುತ್ತಾ ಕಾಯಿರಿ. ಮಾತು ಕಡಿಮೆ ಇರುವ ಮಗು ಬರೀ 'ಆ' ಅಂದರೂ, ತುಟಿ ಅಲ್ಲಾಡಿಸಿದರೂ ಅದೇ ಉತ್ತರ. ಅವಸರಪಟ್ಟು ನೀವೇ ಹೇಳಿಬಿಡಬೇಡಿ. 1959ರಿಂದ ಒಟ್ಟಾಗಿ ವಿಶೇಷ ಮಕ್ಕಳ ಜೊತೆ ಕೆಲಸ ಮಾಡಿದ ಮ್ಯೂಸಿಕ್ ಥೆರಪಿಸ್ಟ್‌ಗಳಾದ ಪಾಲ್ ನಾರ್ಡಾಫ್ ಮತ್ತು ಕ್ಲೈವ್ ರಾಬಿನ್ಸ್ ಕೂಡ ಮಗು ಹೊರಡಿಸಿದ ಸದ್ದಿಗೆ ಸಂಗೀತದಲ್ಲೇ ಮರುತ್ತರ ಕೊಡುತ್ತಿದ್ದರು.

ವಾದ್ಯಕ್ಕೆ ದುಡ್ಡು ಹಾಕಬೇಡಿ. ನಿಮ್ಮ ಕಡೆ ತೆಂಗಿನ ಚಿಪ್ಪಿಗೇನು ಬರ? ಅಂಚು ಉಜ್ಜಿ ನಯ ಮಾಡಿ, ಪ್ರತಿ ಮಗುವಿಗೂ ಒಂದು ಜೋಡಿ ಕೊಡಿ. ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಬಲವಂತ ಬೇಡ, ದೂರ ಕೂತು ನೋಡಲಿ.

ಕರೆದರೂ ತಿರುಗದ, ವಯಸ್ಸಿಗೆ ತಕ್ಕ ಮಾತು ಬಾರದ ಮಗು ಇದ್ದರೆ ಹಾಡನ್ನೇ ನಂಬಿ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕೆ.