ಗುಂಡು ತಗುಲಿದ ಜಿಂಕೆಯ ಮೊದಲ ಹತ್ತು ಸೆಕೆಂಡು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರದ್ದು. ಅಲ್ಲಿ ಲೈಸೆನ್ಸ್ ಪಡೆದು, ಹಂಗಾಮಿನಲ್ಲಿ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವುದು ಕಾನೂನುಬದ್ಧ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಉತ್ತರಗಳನ್ನು ಓದಬೇಕು.

ಪ್ರಶ್ನೆ: ನವೆಂಬರ್‌ನ ಒಂಬತ್ತು ದಿನಗಳ ರೈಫಲ್ ಹಂಗಾಮಿಗೆ ಮೊದಲ ಸಲ ಹೋಗುತ್ತಿದ್ದೇನೆ. ಗುಂಡು ತಗುಲಿದರೆ ಜಿಂಕೆ ಅಲ್ಲೇ ಬೀಳುತ್ತದೆ ಅಂದುಕೊಂಡಿದ್ದೆ, ಹಾಗೇನಿಲ್ಲವಂತೆ. ತಗುಲಿತೋ ತಪ್ಪಿತೋ, ತಗುಲಿದ್ದರೆ ಎಲ್ಲಿಗೆ ಎಂದು ತಿಳಿಯುವುದು ಹೇಗೆ?
– ಮ್ಯಾಡಿಸನ್, ವಿಸ್ಕಾನ್ಸಿನ್

ಉತ್ತರ: ನಿಂತಲ್ಲೇ ಕುಸಿಯುವುದು ಮಿದುಳಿಗೋ ಬೆನ್ನುಹುರಿಗೋ ಪೆಟ್ಟು ಬಿದ್ದಾಗ. ಗುಂಡಿಗೆಯೇ ಹರಿದುಹೋದ ಜಿಂಕೆ ಕೂಡ ನೂರು ಗಜ ಓಡಬಲ್ಲದು. ಮಿದುಳಿನಲ್ಲಿ, ಸ್ನಾಯುಗಳಲ್ಲಿ ಉಳಿದ ಆಮ್ಲಜನಕ ಹತ್ತು ಸೆಕೆಂಡಿಗೆ ಸಾಕಾಗುತ್ತದೆ, ಪ್ರಾಣಭಯದ ಓಟದಲ್ಲಿ ಅಷ್ಟು ಹೊತ್ತಿಗೆ ಅಷ್ಟು ದೂರ ಹೋಗಿರುತ್ತದೆ. ಆ ಹತ್ತು ಸೆಕೆಂಡು ನೀವು ಜಿಂಕೆಯ ಮೇಲಿಂದ ಕಣ್ಣು ಕೀಳಬಾರದು. ರೈಫಲ್‌ನ ಒದೆತಕ್ಕೆ ತಲೆ ಎತ್ತಿಬಿಡುವವರೇ ಹೆಚ್ಚು. ಕೆನ್ನೆಯನ್ನು ಹಿಡಿಯಿಂದ ತೆಗೆಯದೆ, ನೋಡುತ್ತಲೇ ಬೋಲ್ಟ್ ಎಳೆದು ಇನ್ನೊಂದು ತೋಟಾ ತುಂಬುವುದನ್ನು ಮನೆಯಲ್ಲೇ, ಖಾಲಿ ರೈಫಲ್‌ನಲ್ಲಿ ಅಭ್ಯಾಸ ಮಾಡಿ.

ಮೈ ತಗ್ಗಿಸಿ, ಹಿಂಗಾಲೆರಡನ್ನೂ ಹೇಸರಗತ್ತೆಯಂತೆ ಹಿಂದಕ್ಕೆ ಝಾಡಿಸಿ ಓಡಿತೆಂದರೆ ಪೆಟ್ಟು ಎದೆಯ ಕೆಳಭಾಗಕ್ಕೆ, ಬಹುಮಟ್ಟಿಗೆ ಗುಂಡಿಗೆಗೆ ಬಿದ್ದಿದೆ. ಹೊಟ್ಟೆಯಡಿ ಸವರಿಹೋದ ಗುಂಡಿಗೂ ಕೆಲವೊಮ್ಮೆ ಹೀಗೇ ಒದೆಯುತ್ತದೆ, ಹಾಗಾಗಿ ಒದೆತವೊಂದನ್ನೇ ನಂಬಿ ಕೂರಬೇಡಿ. ಶ್ವಾಸಕೋಶಕ್ಕೆ ತಗುಲಿದ್ದು ಬಾಲ ಇಳಿಬಿಟ್ಟು, ಪೊದೆ ಕೊಂಬೆಗಳನ್ನೂ ಲೆಕ್ಕಿಸದೆ ನುಗ್ಗಿ ಓಡುತ್ತದೆ, ಕೊನೆಯಲ್ಲಿ ತೂರಾಡುತ್ತದೆ. ಬೆನ್ನು ಗೂನು ಮಾಡಿ ಒಂದೆರಡು ನೆಗೆತ ನೆಗೆದು, ಆಮೇಲೆ ನಿಧಾನವಾಗಿ ನಡೆದು, ತಲೆ ತಗ್ಗಿಸಿ ನಿಂತಿತೋ, ಅದು ಹೊಟ್ಟೆಯ ಪೆಟ್ಟು. ಬಿಳಿ ಬಾಲವನ್ನು ಬಾವುಟದಂತೆ ಎತ್ತಿ ಹಗುರವಾಗಿ ಹಾರುತ್ತಾ ಹೋಗಿ, ದೂರದಲ್ಲಿ ನಿಂತು ತಿರುಗಿ ನೋಡಿದರೆ ಬಹುಶಃ ಗುರಿ ತಪ್ಪಿದೆ. ಬಹುಶಃ ಎನ್ನಲು ಕಾರಣವಿದೆ: ಬಾಲವೆತ್ತಿ ಓಡಿದ ಜಿಂಕೆ ಇನ್ನೂರು ಗಜದಾಚೆ ಸತ್ತು ಬಿದ್ದಿರುವುದೂ ಉಂಟು. ತಪ್ಪಿತೆಂದು ಕೂತಲ್ಲೇ ತೀರ್ಮಾನಿಸಿ ಮನೆಗೆ ಹೋಗುವುದನ್ನು ನಾವು ಕ್ಷಮಿಸಲಾರೆವು. ಪ್ರತಿ ಗುಂಡಿನ ನಂತರವೂ ಸ್ಥಳಕ್ಕೆ ಹೋಗಿ ನೋಡಲೇಬೇಕು.

ಕಿವಿಯೂ ಸಾಕ್ಷಿ ಹೇಳುತ್ತದೆ. ಪಕ್ಕೆಲುಬಿಗೆ ಬಿದ್ದದ್ದು ಗಟ್ಟಿಯಾಗಿ ‘ಥಪ್’ ಎನ್ನುತ್ತದೆ, ಹೊಟ್ಟೆಗೆ ಬಿದ್ದದ್ದು ಕಲ್ಲಂಗಡಿಗೆ ಗುದ್ದಿದಂತೆ ಪೊಳ್ಳಾಗಿ, ಮೂಳೆಗೆ ಬಿದ್ದದ್ದು ಕಟ್ಟಿಗೆ ಮುರಿದಂತೆ ಕೇಳುತ್ತದೆ.

ಎದ್ದು ಹೋಗುವ ಮೊದಲು ಗಡಿಯಾರ ನೋಡಿಕೊಳ್ಳಿ. ಜಿಂಕೆ ನಿಂತಿದ್ದ ಜಾಗಕ್ಕೊಂದು, ಕೊನೆಗೆ ಕಂಡ ಜಾಗಕ್ಕೊಂದು ಗುರುತು ಮನಸ್ಸಿನಲ್ಲಿರಲಿ: ಸೀಳಿದ ಬರ್ಚ್ ಮರ, ಬೇಲಿಯ ಮೂಲೆ, ಇಂಥದ್ದು. ಮರದ ಮೇಲಿನ ಅಟ್ಟದಲ್ಲಿ ಕೂತಿದ್ದರೆ, ಕೆಳಗಿಳಿದು ನಿಂತಾಗ ಮೇಲಿಂದ ಕಂಡ ಕಾಡೇ ಬೇರೆಯಾಗಿ ಕಾಣುತ್ತದೆ, ಆದ್ದರಿಂದ ಫೋನಿನಲ್ಲಿ ಒಂದು ಚಿತ್ರ ತೆಗೆದು, ದಿಕ್ಸೂಚಿಯ ಕೋನ ಬರೆದುಕೊಳ್ಳಿ. ಎದುರಿಗೇ ಬಿದ್ದದ್ದು ಕಾಣದಿದ್ದರೆ ಅರ್ಧ ಗಂಟೆ ಕೂತೇ ಇರಿ.

ಪ್ರಶ್ನೆ: ಬಿಲ್ಲಿನ ಹಂಗಾಮಿನಲ್ಲಿ, ಮರದ ಮೇಲಿನ ಅಟ್ಟದಿಂದ ಸಂಜೆ ಬಾಣ ಬಿಟ್ಟೆ. ಜಿಂಕೆ ಬೆನ್ನು ಗೂನು ಮಾಡಿ ನಡೆದುಹೋಯಿತು. ಕತ್ತಲಾಗುವ ಮೊದಲೇ ಸಿಗಲೆಂದು ಕೂಡಲೇ ಇಳಿದು ಹಿಂಬಾಲಿಸಿದೆ. ರಕ್ತ ಸ್ವಲ್ಪ ದೂರದಲ್ಲೇ ನಿಂತಿತು, ಜಿಂಕೆ ಸಿಗಲಿಲ್ಲ. ಎಲ್ಲಿ ತಪ್ಪಾಯಿತು?
– ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯಾ

ಉತ್ತರ: ಕೂಡಲೇ ಇಳಿದದ್ದೇ ತಪ್ಪು. ಕಳೆದುಹೋಗುವ ಜಿಂಕೆಗಳಲ್ಲಿ ಹೊಟ್ಟೆಗೆ ಪೆಟ್ಟು ತಿಂದು, ಅವಸರದಲ್ಲಿ ಎಬ್ಬಿಸಲ್ಪಟ್ಟವು ಬಹಳ. ಹೊಟ್ಟೆ ನೊಂದ ಜಿಂಕೆ ಯಾರೂ ಬೆನ್ನು ಹತ್ತದಿದ್ದರೆ ಸಾಮಾನ್ಯವಾಗಿ ಇನ್ನೂರು ಗಜದೊಳಗಿನ ಮೊದಲ ಪೊದೆಯಲ್ಲಿ ಮಲಗಿಬಿಡುತ್ತದೆ, ಅಲ್ಲೇ ಸಾಯುತ್ತದೆ. ಎಬ್ಬಿಸಿದರೆ ಒಂದು ಮೈಲಿಯೂ ಹೋಗಬಹುದು. ಕರುಳು ಬಾಣ ಹೊಕ್ಕ ತೂತಿಗೆ ಬೆಣೆಯಂತೆ ಸಿಕ್ಕಿಕೊಳ್ಳುವುದರಿಂದ ನೆಲಕ್ಕೆ ರಕ್ತವೂ ಬೀಳುವುದಿಲ್ಲ.

ಬಾಣವಿರುವ ಜಾಗಕ್ಕೆ ಅರ್ಧ ಗಂಟೆಯ ಮೇಲೆ ಸದ್ದಿಲ್ಲದೆ ಹೋಗಿ ಅದನ್ನು ಓದಬೇಕಿತ್ತು. ಮಾಂಸದಂಗಡಿಯ ಮಾತಲ್ಲೇ ಹೇಳುವುದಾದರೆ, ಗುಂಡಿಗೆಯ ರಕ್ತ ಹೊಳೆಯುವ ಕೆಂಪು. ಶ್ವಾಸಕೋಶದ್ದು ನಸುಗೆಂಪು, ಹಾಲು ಕರೆದ ಚೊಂಬಿನ ನೊರೆಯಂಥ ಸಣ್ಣ ಗುಳ್ಳೆಗಳಿರುತ್ತವೆ. ಈಲಿಯದ್ದು, ಅಂದರೆ ಯಕೃತ್ತಿನದ್ದು, ಒಣಗಿದ ಪುನರ್ಪುಳಿ ಸಿಪ್ಪೆಯ ಕಡುಗೆಂಪು, ಗುಳ್ಳೆಯಿಲ್ಲ. ಬೋಟಿಗೆ, ಅಂದರೆ ಹೊಟ್ಟೆ-ಕರುಳಿಗೆ, ತಗುಲಿದ್ದರೆ ಬಾಣದ ಮೇಲೆ ಹಸಿರು-ಕಂದು ಗಸಿ, ಅರೆದ ಹುಲ್ಲು ಅಥವಾ ಓಕ್ ಕಾಯಿಯ ಚೂರು ಅಂಟಿರುತ್ತದೆ. ಅನುಮಾನವಿದ್ದರೆ ಮೂಸಿ ನೋಡಿ, ಆ ಹುಳಿ ನಾತ ಸುಳ್ಳು ಹೇಳುವುದಿಲ್ಲ. ಬಾಣಕ್ಕೆ ಬರೀ ಕೊಬ್ಬು ಮೆತ್ತಿದ್ದರೆ ಬೆನ್ನನ್ನೋ ಎದೆಯ ಅಡಿಭಾಗವನ್ನೋ ಸವರಿದೆ. ಕೂದಲನ್ನೂ ಹೆಕ್ಕಿಕೊಳ್ಳಿ: ಬೆನ್ನಿನದು ಉದ್ದ, ತುದಿ ಕಪ್ಪು. ಹೊಟ್ಟೆಯಡಿಯದು ಒರಟು ಬಿಳಿ.

ಜಿಂಕೆಯ ಯಾವ ಮಗ್ಗುಲಿಗೆ ಹೊಡೆದಿರಿ ಎಂಬುದೂ ಮುಖ್ಯ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆ ಎಡಕ್ಕೆ, ಈಲಿ ಬಲಕ್ಕೆ, ಶ್ವಾಸಕೋಶಕ್ಕೆ ಅಡ್ಡವಿರುವ ವಪೆಯ ಬೆನ್ನಿಗೇ ಇರುತ್ತದೆ. ಬಲಮಗ್ಗುಲಲ್ಲಿ ಗುರಿಗಿಂತ ನಾಲ್ಕು ಬೆರಳು ಹಿಂದೆ ಬಿದ್ದ ಬಾಣ ಈಲಿ ಸೀಳಬಹುದು, ಎಡಮಗ್ಗುಲಲ್ಲಿ ಅಷ್ಟೇ ಹಿಂದೆ ಬಿದ್ದದ್ದು ಹೊಟ್ಟೆಗೇ ಹೋಗುವ ಸಂಭವ ಹೆಚ್ಚು.

ಕಾಯುವ ಲೆಕ್ಕ ಹೀಗಿದೆ. ಗುಂಡಿಗೆ, ಶ್ವಾಸಕೋಶವಾದರೆ ಅರ್ಧ ಗಂಟೆ. ಈಲಿಯಾದರೆ ನಾಲ್ಕು ಗಂಟೆ. ಬೋಟಿಯಾದರೆ ಎಂಟರಿಂದ ಹನ್ನೆರಡು ಗಂಟೆ, ಅಂದರೆ ಸಂಜೆಯ ಬಾಣಕ್ಕೆ ಮರುದಿನ ಬೆಳಗ್ಗೆ. ಅಕ್ಟೋಬರ್‌ನ ಬೆಚ್ಚನೆಯ ರಾತ್ರಿಯಲ್ಲಿ ಮಾಂಸ ಕೆಡಬಹುದು, ಕಾಯೋಟಿಗಳು (ಅಲ್ಲಿನ ಸಣ್ಣ ತೋಳದಂಥ ಪ್ರಾಣಿಗಳು) ಮುಟ್ಟಬಹುದು, ಮಳೆ ಜಾಡು ತೊಳೆಯಬಹುದು. ಆದರೂ ಕಾಯುವುದೇ ಸರಿ. ಎಬ್ಬಿಸಿ ಓಡಿಸಿದ ಜಿಂಕೆ ನಿಮಗೂ ಸಿಗದು, ಅದರ ಸಂಕಟವೂ ಬೇಗ ಮುಗಿಯದು.

ಹುಡುಕುವಾಗ ಜಾಡಿನ ಮೇಲೆ ಕಾಲಿಡದೆ ಪಕ್ಕದಲ್ಲಿ ನಡೆಯಿರಿ. ಪ್ರತಿ ರಕ್ತದ ಗುರುತಿಗೂ ಬಣ್ಣದ ಪಟ್ಟಿ ಕಟ್ಟುತ್ತಾ ಹೋದರೆ ಹಿಂತಿರುಗಿ ನೋಡಿದಾಗ ಜಿಂಕೆ ಹೋದ ದಿಕ್ಕು ಗೆರೆ ಎಳೆದಂತೆ ಕಾಣುತ್ತದೆ. ನೆಲವನ್ನಷ್ಟೇ ಅಲ್ಲ, ಮೊಣಕಾಲೆತ್ತರದ ಹುಲ್ಲುಕಡ್ಡಿಗಳ ಪಕ್ಕವನ್ನೂ ನೋಡಿ, ಮೈ ಉಜ್ಜಿದ ರಕ್ತ ಅಲ್ಲಿರುತ್ತದೆ. ಕೆಂಪು ಮೇಪಲ್ ಎಲೆಯ ಮೇಲಿನ ಚುಕ್ಕೆ ರಕ್ತವೋ ಎಲೆಯ ಬಣ್ಣವೋ ತಿಳಿಯದಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿ, ರಕ್ತವಾದರೆ ನೊರೆಯುತ್ತದೆ. ಅಟ್ಟದಿಂದ ಬಿಟ್ಟ ಬಾಣ ಎದೆಯ ಮೇಲ್ಭಾಗದಲ್ಲಿ ಹೊಕ್ಕು ಆಚೆ ಹೊರಬರದಿದ್ದರೆ ರಕ್ತ ಮೊದಲು ಎದೆಗೂಡಿನೊಳಗೆ ತುಂಬುತ್ತದೆ, ಮೊದಲ ಮೂವತ್ತು ನಲವತ್ತು ಗಜ ಒಂದು ಹನಿಯೂ ಸಿಗದಿರಬಹುದು. ಅಷ್ಟಕ್ಕೇ ಕೈಬಿಡಬೇಡಿ. ರಕ್ತ ಪೂರಾ ನಿಂತರೆ ಕೊನೆಯ ಹನಿಯ ಬಳಿ ಪಟ್ಟಿ ಕಟ್ಟಿ, ಸುತ್ತ ಹತ್ತಿಪ್ಪತ್ತು ಗಜದ ಸುತ್ತುಗಳನ್ನು ಹಾಕುತ್ತಾ ಹಿಗ್ಗಿಸಿ. ಮಲಗಿ ಎದ್ದುಹೋದ ಬೆಚ್ಚಗಿನ ಜಾಗ ಸಿಕ್ಕರೆ ಅಲ್ಲಿಂದ ಹಿಂದೆ ಸರಿದು ಮತ್ತೆ ಕೆಲವು ಗಂಟೆ ಕಾಯಬೇಕು. ಹಗ್ಗ ಕಟ್ಟಿದ ಜಾಡುನಾಯಿಗೆ ನಿಮ್ಮ ರಾಜ್ಯದ ಕಾನೂನು ಒಪ್ಪುತ್ತದೆ. ನಾಯಿ ಕರೆಸುವುದಾದರೆ ಜನ ಅಡ್ಡಾದಿಡ್ಡಿ ತುಳಿದು ವಾಸನೆ ಹರಡುವ ಮೊದಲೇ ಕರೆಸಿ. ಜಾಡು ಬೇಲಿ ದಾಟಿದರೆ ಆ ಜಮೀನಿನವರ ಅನುಮತಿ ಕೇಳಿಯೇ ಒಳಗೆ ಹೋಗಿ.

ಪ್ರಶ್ನೆ: ಇಲ್ಲಿನ ರ‍್ಯಾಂಚ್‌ಗಳಲ್ಲಿ ನಮ್ಮೂರ ಚಿತ್ತಾರದ ಜಿಂಕೆಯೇ ಇದೆ. ಗುಂಡು ಬಿದ್ದೊಡನೆ ದೊಪ್ಪನೆ ಕುಸಿದದ್ದು, ನಾವು ಹತ್ತಿರ ಹೋಗುವಷ್ಟರಲ್ಲಿ ಎದ್ದು ಹಿಂಡು ಸೇರಿಬಿಟ್ಟಿತು. ಇದು ಹೇಗೆ ಸಾಧ್ಯ?
– ಆಸ್ಟಿನ್, ಟೆಕ್ಸಾಸ್

ಉತ್ತರ: 1932ರಿಂದ ಟೆಕ್ಸಾಸ್‌ನಲ್ಲಿರುವ ಈ ಚುಕ್ಕೆ ಜಿಂಕೆಗಳನ್ನು ಅಲ್ಲಿ ಆಕ್ಸಿಸ್ ಎನ್ನುತ್ತಾರೆ. ನಿಮ್ಮ ಗುಂಡು ಬೆನ್ನುಹುರಿಯನ್ನು ಕಡಿಯದೆ, ಅದರ ಮೇಲೆ ಎದ್ದಿರುವ ಮೂಳೆಯ ಮುಳ್ಳುಗಳಿಗೆ ಬಡಿದಿದೆ. ಆ ಹೊಡೆತದ ಅದುರುವಿಕೆಗೆ ಹುರಿ ಮರಗಟ್ಟಿ ಜಿಂಕೆ ಕುಸಿಯುತ್ತದೆ, ಅರೆ ನಿಮಿಷದಲ್ಲೋ ಎರಡು ನಿಮಿಷದಲ್ಲೋ ಚೇತರಿಸಿಕೊಂಡು ಓಡುತ್ತದೆ. ಕುಸಿದ ಜಿಂಕೆ ತಲೆ ಎತ್ತಲು ಯತ್ನಿಸಿದರೆ, ಮುಂಗಾಲು ಊರಿದರೆ, ತಡಮಾಡದೆ ಎದೆಗೆ ಎರಡನೆಯ ಗುಂಡು ಹೊಡೆಯಬೇಕು. ಇಲ್ಲಿ ಕಾಯುವ ನಿಯಮ ಅನ್ವಯಿಸುವುದಿಲ್ಲ.

ಹಿಂಡಿನಲ್ಲಿ ಗಾಯಗೊಂಡದ್ದು ಯಾವುದೆಂದು ಗುರುತಿಸಲು ಬಾಲ ನೋಡಿ. ಹೆದರಿದವು ಬಾಲವೆತ್ತಿ ಒಟ್ಟಿಗೇ ಓಡುತ್ತವೆ, ನೊಂದದ್ದು ಹಿಂದೆ ಬಿದ್ದು ಪಕ್ಕಕ್ಕೆ ಸರಿಯುತ್ತದೆ. ಬಿದ್ದ ಜಿಂಕೆಯ ಬಳಿಗೆ ಬೆನ್ನ ಕಡೆಯಿಂದಲೇ ಹೋಗಿ. ಸತ್ತ ಜಿಂಕೆಯ ಕಣ್ಣು ತೆರೆದಿರುತ್ತದೆ, ಮುಚ್ಚಿದ್ದರೆ ಜೀವವಿದೆಯೆಂದೇ ತಿಳಿಯಿರಿ. ಉದ್ದ ಕೋಲಿನಿಂದ ಕಣ್ಣುಗುಡ್ಡೆ ಮುಟ್ಟಿದಾಗ ಅದು ಮಿಟುಕದಿದ್ದರೆ ಮಾತ್ರ ಕೈ ಹಾಕಬಹುದು.

ಪ್ರಶ್ನೆ: ಕಾಡಂಚಿನ ರಸ್ತೆಯಲ್ಲಿ ವಾಹನ ಬಡಿದ ಜಿಂಕೆ ಕುಂಟುತ್ತಾ ಪೊದೆಗೆ ನುಗ್ಗಿದರೆ ಹಿಂದೆ ಹೋಗಿ ಹಿಡಿದು ಆಸ್ಪತ್ರೆಗೆ ಒಯ್ಯಬಹುದೇ?
– ಮೈಸೂರು

ಉತ್ತರ: ಹೋಗಬೇಡಿ. ಇಲ್ಲಿಯೂ ಬೆನ್ನಟ್ಟುವುದೇ ಕೇಡು. ಅಟ್ಟಿ ಹಿಡಿದ ಜಿಂಕೆಯ ಸ್ನಾಯುಗಳು ಭಯ ಮತ್ತು ಒದ್ದಾಟದಿಂದಲೇ ಒಡೆಯತೊಡಗುತ್ತವೆ. ಆ ವಿಷಕ್ಕೆ ಮೂತ್ರಪಿಂಡ ಸೋತು, ಮೈಮೇಲಿನ ಗಾಯ ಚಿಕ್ಕದಿದ್ದರೂ ಕೆಲವೇ ಗಂಟೆಗಳಲ್ಲೋ ದಿನಗಳಲ್ಲೋ ಸಾಯುತ್ತದೆ. ವಾಹನವನ್ನು ದೂರ ನಿಲ್ಲಿಸಿ, ಅದು ನುಗ್ಗಿದ ಜಾಗ, ಸಮಯ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆದುಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಬಾಯಿಗೆ ನೀರು ಹಾಕಬೇಡಿ, ಜನ ಸೇರಲು ಬಿಡಬೇಡಿ. ಅದು ಮಲಗಿದ್ದರೆ ಮಲಗಿರಲಿ.