ದಸರಾ ರಜೆಗೆ ಮಕ್ಕಳ ಜೊತೆ ಫುಕೆಟ್‌ಗೆ ಹೋಗಬಹುದಾ? ಹೋಗಿ ಬಂದವಳು ಹೇಳುತ್ತೇನೆ

ಶಿವಮೊಗ್ಗದಿಂದ ನಾಲ್ಕು ಜನ, ಮಕ್ಕಳಿಗೆ 14 ಮತ್ತು 17 ವರ್ಷ, ದಸರಾ ರಜೆಯಲ್ಲಿ ಎಂಟು ದಿನ. ಐದು ದಿನ ಬೀಚು, ಎರಡು ದಿನ ಸಿಟಿ. ಥಾಯ್ಲೆಂಡಿನ ಫುಕೆಟ್ ಒಳ್ಳೆಯದಾ, ಇಂಡೋನೇಷ್ಯಾದ ಬಾಲಿನಾ ಅಂತ ಕೇಳಿದ್ದೀರಿ. "ಅಕ್ಟೋಬರ್‌ನಲ್ಲಿ ಸ್ವಲ್ಪ ಮಳೆ ಅಂತಾರೆ, ಮಲೆನಾಡಿನವರಿಗೆ ಅದೇನು ಮಹಾ" ಅಂತಲೂ ಬರೆದಿದ್ದೀರಿ. ಆ ಕೊನೆಯ ಸಾಲು ಓದಿ ಎದೆ ಧಸಕ್ಕೆಂದಿತು. 2024ರಲ್ಲಿ ನಾನೂ ಇದೇ ಮಾತನ್ನು ನಮ್ಮನೆ ಜಗಲಿಯಲ್ಲಿ ಕೂತು ಹೇಳಿದ್ದೆ.

ನಾವು ತೀರ್ಥಹಳ್ಳಿ ಹತ್ತಿರದವರು. ಅಡಿಕೆ ತೋಟ. ಆಗ ಮಗಳಿಗೆ 16, ಫಸ್ಟ್ ಪಿಯುಸಿ. ಮಗನಿಗೆ 13. ತೋಟ ಇರುವವರಿಗೆ ಊರು ಬಿಡುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿರುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ಕೊನೆ (ಅಡಿಕೆ ಗೊನೆ) ಕೊಯ್ಲು ಬರುತ್ತದೆ. ನಡುವೆ ಸಿಗುವುದು ದಸರಾ ರಜೆ ಒಂದೇ. ಅಕ್ಕಿಪೆಟ್ಟಿಗೆಯಲ್ಲಿ ದುಡ್ಡು ಕೂಡಿಟ್ಟ ಹಾಗೆ ನಾಲ್ಕು ವರ್ಷ ಕೂಡಿಟ್ಟು, ಮಕ್ಕಳಿಗೆ ಒಂದು ಸಲ ಸಮುದ್ರ ದಾಟಿಸೋಣ ಅಂತ ಹೊರಟಿದ್ದು.

ಈಗ ನನ್ನ ತಪ್ಪು. ಇದನ್ನು ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಬೇಡಿ. ನೀವೂ ಇಲ್ಲೇ ಎಡವುತ್ತಿದ್ದೀರಿ.

ಫುಕೆಟ್‌ನ ಅಕ್ಟೋಬರ್ ಮಳೆ ಎಷ್ಟು ಅಂತ ಹುಡುಕಿದೆ. ತಿಂಗಳಿಗೆ ಸುಮಾರು 300 ಮಿಲಿಮೀಟರ್ ಅಂತ ಸಿಕ್ಕಿತು. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಜುಲೈ ಒಂದರಲ್ಲೇ 2,000 ದಾಟುತ್ತದೆ. ಇದು ಯಾವ ಲೆಕ್ಕ ಅನ್ನಿಸಿತು. ಎರಡು ಕೊಡೆ ಜಾಸ್ತಿ ಹಾಕಿಕೊಂಡರೆ ಆಯಿತು ಅಂದೆ. ಮೇಲಿಂದ ಹೋಟೆಲ್ ದರ ಅರ್ಧಕ್ಕರ್ಧ ಕಡಿಮೆ ಇತ್ತು. ಕಡಿಮೆ ಯಾಕೆ ಅಂತ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ನಾನು ಕೇಳಿದ ಪ್ರಶ್ನೆಯೇ ತಪ್ಪು. ಬೀಚಿಗೆ ಹೋಗುವವರು ಮಳೆ ಎಷ್ಟು ಅಂತ ಕೇಳಬಾರದು, ಅಲೆ ಹೇಗಿರುತ್ತದೆ ಅಂತ ಕೇಳಬೇಕು. ಬೆಟ್ಟದ ಮೇಲಿರುವ ನಮಗೆ ಮುಂಗಾರು ಅಂದರೆ ಆಕಾಶದಿಂದ ಬೀಳುವ ನೀರು. ಕರಾವಳಿಯವರಿಗೆ ಮುಂಗಾರು ಅಂದರೆ ಮೊದಲು ಗಾಳಿ, ಕಡಲು. ಫುಕೆಟ್, ಕ್ರಾಬಿ ಇರುವುದು ಥಾಯ್ಲೆಂಡಿನ ಪಶ್ಚಿಮಕ್ಕೆ, ಅಂಡಮಾನ್ ಸಮುದ್ರದ ಕಡೆ. ನಮಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲಿಗೂ ಬೀಸುತ್ತದೆ. ನಮ್ಮಲ್ಲಿ ಸೆಪ್ಟೆಂಬರ್ ಮುಗಿಯುವಾಗ ಅದರ ಕಸುವು ತಗ್ಗುತ್ತದೆ. ಅಲ್ಲಿ ಮೇಯಿಂದ ಅಕ್ಟೋಬರ್‌ವರೆಗೂ ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರೇ ಅಲ್ಲಿ ಜಾಸ್ತಿ ಮಳೆಯ ತಿಂಗಳು. ಪಾಟಾಂಗ್, ಕರೋನ್, ಕಾಟಾ ಅಂತ ನೀವು ಫೋಟೊದಲ್ಲಿ ನೋಡುವ ಬೀಚುಗಳೆಲ್ಲ ಆ ಗಾಳಿಗೆ ನೇರ ಎದೆಯೊಡ್ಡಿ ನಿಂತಿವೆ. ಮಳೆ ಒಂದು ಗಂಟೆ ಸುರಿದು ನಿಂತು ಬಿಸಿಲು ಬಂದರೂ ಅಲೆ ನಿಲ್ಲುವುದಿಲ್ಲ. ದೂರದ ಕಡಲಲ್ಲಿ ಎದ್ದ ಅಲೆ ಇಲ್ಲಿ ಬಂದು ಒಡೆಯುತ್ತಲೇ ಇರುತ್ತದೆ.

ಇದು ಗೊತ್ತಾಗಲು ಥಾಯ್ಲೆಂಡಿಗೆ ಹೋಗಬೇಕಿರಲಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಘಾಟಿ ಹತ್ತಿ ನಮ್ಮೂರಿಗೆ ಬರುವ ಮೀನು ಕಡಿಮೆ, ಬೆಲೆ ಜಾಸ್ತಿ. ಪ್ರತಿ ವರ್ಷ ನೋಡುತ್ತೇನೆ. ಆದರೂ ಹೊಳೆಯಲಿಲ್ಲ.

ಇನ್ನೂ ನೋವಾಗುವ ವಿಷಯ ಬೇರೆ ಇದೆ. ಜುಲೈನಲ್ಲೇ ಮಗಳು ಹೇಳಿದ್ದಳು. ಅವಳಿಗೆ ಅದೇ ಅಂಡಮಾನ್ ಸಮುದ್ರದ ಸಿಮಿಲನ್ ದ್ವೀಪಗಳಲ್ಲಿ ಹವಳದ ನಡುವೆ ಸ್ನಾರ್ಕೆಲಿಂಗ್, ಅಂದರೆ ಕೊಳವೆಯಲ್ಲಿ ಉಸಿರಾಡುತ್ತಾ ನೀರೊಳಗೆ ಮುಖವಿಟ್ಟು ಈಜುವುದು, ಮಾಡುವ ಆಸೆ. "ಅಮ್ಮ, ಅದು ಅಕ್ಟೋಬರ್ 14ರವರೆಗೆ ಮುಚ್ಚಿರುತ್ತಂತೆ" ಅಂದಳು. ಹೌದು, ಆ ರಾಷ್ಟ್ರೀಯ ಉದ್ಯಾನವನ್ನು ಪ್ರತಿ ವರ್ಷ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ. ಕಡಲು ಒರಟಾಗಿರುತ್ತದೆ ಅಂತ, ಜೊತೆಗೆ ಹವಳಕ್ಕೂ ವಿಶ್ರಾಂತಿ ಸಿಗಲಿ ಅಂತ. ನಾನು ಏನಂದೆ ಗೊತ್ತಾ? "ಹೋಗ್ಲಿ ಬಿಡು, ಬೇರೆ ದ್ವೀಪ ನೋಡೋಣ." ಯಾಕೆ ಮುಚ್ಚಿರುತ್ತೆ ಅಂತ ಒಂದು ಮಾತು ಕೇಳಿದ್ದರೆ ಅವಳೇ ನನಗೆ ಇದೆಲ್ಲ ಹೇಳುತ್ತಿದ್ದಳು. ಓದಿಕೊಂಡಿದ್ದಳು ಪಾಪ.

ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ಫುಕೆಟ್. ಮಧ್ಯಾಹ್ನ ಬೀಚಿಗೆ ಹೋದರೆ ಮರಳಿನುದ್ದಕ್ಕೂ ಕೆಂಪು ಬಾವುಟ. ಅಂದರೆ ನೀರಿಗೆ ಇಳಿಯುವಂತಿಲ್ಲ. ಮಗ ತುಂಗೆಯಲ್ಲಿ ಈಜು ಕಲಿತವನು. ಅವನಿಗೆ ನೀರಿನ ಭಯ ಇಲ್ಲ. ಎರಡು ಅಲೆಗಳ ನಡುವೆ ಒಂದು ಕಡೆ ನೀರು ಸಪಾಟಾಗಿ, ಶಾಂತವಾಗಿ ಕಾಣುತ್ತಿತ್ತು. "ಅಲ್ಲಿ ಅಲೆನೇ ಇಲ್ಲ ಅಮ್ಮ" ಅಂತ ಮೊಣಕಾಲಿನವರೆಗೆ ಇಳಿದ. ಕಾವಲಿನವನು ಸೀಟಿ ಊದುತ್ತಾ ಓಡಿ ಬಂದು ಅವನ ತೋಳು ಹಿಡಿದು ಎಳೆದ. ಕಾಲ ಕೆಳಗಿನ ಮರಳು ಸರಸರ ಜಾರಿತು ಅಂತ ಮಗ ಆಮೇಲೆ ಹೇಳಿದ. ಆ ಶಾಂತ ಜಾಗವೇ ಅಪಾಯದ್ದು. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಒಂದು ಕಿರಿದಾದ ದಾರಿ ಹಿಡಿದು ವಾಪಸ್ ಕಡಲಿಗೆ ಓಡುತ್ತದೆ. ತೋಟದಲ್ಲಿ ನಿಂತ ನೀರು ಬಸಿಗಾಲುವೆಗೆ ಸೇರಿ ರಭಸವಾಗಿ ಹರಿಯುವ ಹಾಗೆ. ಇದಕ್ಕೆ ರಿಪ್ ಕರೆಂಟ್ ಅನ್ನುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಬಾರದು, ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಆ ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ಬರಬೇಕು. ಯಾವ ದೇಶಕ್ಕೆ ಹೋದರೂ ಸರಿ, ಹೊರಡುವ ಮುಂಚೆ ನಿಮ್ಮ ಮಕ್ಕಳಿಗೆ ಇದನ್ನು ದಯವಿಟ್ಟು ಹೇಳಿಕೊಡಿ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಮಾರನೇ ದಿನದ ದ್ವೀಪದ ಬೋಟು ಗಾಳಿಗೆ ರದ್ದಾಯಿತು. ಅದರ ಮರುದಿನವೂ ಇಲ್ಲ. ನಾಲ್ಕು ಜನಕ್ಕೆ ಕೊಟ್ಟಿದ್ದ 14,000 ರೂಪಾಯಿ ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಬಂತು. ದುಡ್ಡಿಗಿಂತ ಜಾಸ್ತಿ ಕಾಡಿದ್ದು, ಸಮುದ್ರ ಕಾಣುವ ಕೋಣೆಯಲ್ಲಿ ಇಬ್ಬರು ಮಕ್ಕಳು ಗೋಡೆ ಕಡೆ ತಿರುಗಿ ಮೊಬೈಲ್ ನೋಡುತ್ತಾ ಮಲಗಿದ್ದು.

ಆಗ ನಮ್ಮವರು ಒಂದು ಒಳ್ಳೆಯ ಕೆಲಸ ಮಾಡಿದರು. "ಇನ್ನು ಮುಂದಿನದು ನೀವಿಬ್ಬರೇ ನೋಡಿ" ಅಂತ ಮಕ್ಕಳ ಕೈಗೆ ಬಿಟ್ಟರು. ಮಗಳು ಹತ್ತು ನಿಮಿಷದಲ್ಲಿ ಎರಡು ವಿಷಯ ಹುಡುಕಿದಳು. ಒಂದು, ಫುಕೆಟ್‌ನ ಪೂರ್ವಕ್ಕಿರುವ ಫಾಂಗ್ ನಾ ಕೊಲ್ಲಿ. ಸುತ್ತ ನೆಲ ಇರುವುದರಿಂದ ಅಲ್ಲಿ ಅಲೆ ಕಡಿಮೆ, ಮಳೆಗಾಲದಲ್ಲೂ ಬೋಟು ಹೋಗುತ್ತದೆ. ಸುಣ್ಣಕಲ್ಲಿನ ಗುಡ್ಡಗಳು ನೀರಿನಿಂದ ನೇರ ಎದ್ದು ನಿಂತಿವೆ. ಮಳೆ ಹನಿಯುವಾಗ, ಮಂಜು ಮುಸುಕಿದಾಗ, ನಮ್ಮ ಕುಂದಾದ್ರಿಯಂಥ ಬಂಡೆಗಳನ್ನೇ ಕಿತ್ತು ನೀರಿನಲ್ಲಿ ನೆಟ್ಟ ಹಾಗಿತ್ತು. ಅಲ್ಲಿ ಕೋ ಪನ್ಯಿ ಅಂತ ಕಂಬಗಳ ಮೇಲೆ ನಿಂತ ಮೀನುಗಾರರ ಊರಿದೆ. ನೆಲವೇ ಇಲ್ಲದ ಆ ಊರಿನ ಹುಡುಗರು ನೀರಿನ ಮೇಲೆ ತೇಲುವ ಫುಟ್ಬಾಲ್ ಅಂಗಣ ಕಟ್ಟಿಕೊಂಡಿದ್ದರು. ಎರಡು ದಿನ ಮಾತಾಡದಿದ್ದ ನನ್ನ ಮಗ ಅಲ್ಲಿ ನಿಂತು ಬಾಯಿ ತುಂಬ ಮಾತಾಡಿದ.

ಎರಡನೆಯದು ಫುಕೆಟ್ ಹಳೇ ಪೇಟೆ. ತವರದ ಗಣಿಯಿಂದ ಹಣ ಕಂಡ ಚೀನೀ ಮನೆತನಗಳು ಕಟ್ಟಿಸಿದ ಬಣ್ಣಬಣ್ಣದ ಮನೆಗಳು. ನಾವು ಹೋದಾಗ ಅಲ್ಲಿನ ಸಸ್ಯಾಹಾರ ಹಬ್ಬ ನಡೆಯುತ್ತಿತ್ತು. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ, ಆ ವರ್ಷ ಸರಿಯಾಗಿ ನಮ್ಮ ನವರಾತ್ರಿಯ ಜೊತೆಗೇ ಬಿದ್ದಿತ್ತು. ಬೀದಿಯುದ್ದಕ್ಕೂ ಹಳದಿ ಬಾವುಟದ ಅಂಗಡಿಗಳು. ಅಲ್ಲಿ ಸಿಗುವ 'ಜೇ' ಊಟದಲ್ಲಿ ಮಾಂಸ, ಮೊಟ್ಟೆ ಬಿಡಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಸ್ಯಾಹಾರಿಗಳು 'ಜೇ' ಅನ್ನುವ ಆ ಒಂದು ಪದ ಕಲಿತರೆ ಸಾಕು, ಥಾಯ್ಲೆಂಡಿನಲ್ಲಿ ಉಪವಾಸ ಇರಬೇಕಾಗಿಲ್ಲ. ಮೆರವಣಿಗೆಯಲ್ಲಿ ಭಕ್ತರು ಕೆನ್ನೆಗೆ ಸರಳು ಚುಚ್ಚಿಕೊಂಡು ನಡೆಯುತ್ತಿದ್ದರು. ಮಗಳು ಮೊದಲು ಹೆದರಿದಳು. ನಮ್ಮ ಕಡೆ ಮಾರಿ ಜಾತ್ರೆಗಳಲ್ಲಿ ಹರಕೆಗೆ ಬಾಯಿಬೀಗ ಹಾಕಿಸಿಕೊಳ್ಳುವುದನ್ನು ಹೇಳಿದೆ. ಆಮೇಲೆ ಕೈಮುಗಿದು ನಿಂತು ನೋಡಿದಳು.

ಕೊನೆಯ ಮೂರು ದಿನ ಬ್ಯಾಂಕಾಕ್. ಇಲ್ಲಿ ನಿಮ್ಮ ಲೆಕ್ಕಕ್ಕೆ ನನ್ನ ನೇರ ವಿರೋಧ ಇದೆ. ಐದು ದಿನ ಬೀಚು, ಎರಡು ದಿನ ಸಿಟಿ ಅಂತ ಇಟ್ಟಿದ್ದೀರಿ, ಮಕ್ಕಳಿಗೆ ಸಿಟಿ ಬೇಜಾರು ಅಂತ. ಇದು ನಮ್ಮ ವಯಸ್ಸಿನವರ ಯೋಚನೆ. ನೀರು, ಹಸಿರು, ಮೌನ ನಮ್ಮ ಮಕ್ಕಳಿಗೆ ದಿನಾ ಸಿಗುತ್ತದೆ. ಅವರಿಗೆ ಬೇಕಾಗಿದ್ದು ಜನ, ಬೆಳಕು, ತಮ್ಮಷ್ಟಕ್ಕೆ ಓಡಾಡುವ ಧೈರ್ಯ. ನಮ್ಮ ಮಕ್ಕಳು ಮನೆಯಿಂದ ಬಸ್‌ಸ್ಟಾಪಿಗೂ ಯಾರದಾದರೂ ಬೈಕಿನಲ್ಲಿ ಹೋಗುವವರು. ಬ್ಯಾಂಕಾಕ್‌ನಲ್ಲಿ ಮೇಲ್ಸೇತುವೆ ರೈಲಿದೆ, ನೆಲದಡಿ ಮೆಟ್ರೊ ಇದೆ, ಚಾವೋ ಫ್ರಾಯ ನದಿಯಲ್ಲಿ ಬಸ್ಸಿನ ಹಾಗೆ ದೋಣಿ ಓಡುತ್ತದೆ. ಎರಡನೇ ದಿನ ಇಬ್ಬರಿಗೂ ಒಂದಿಷ್ಟು ಬಾಟ್ (ಅಲ್ಲಿನ ದುಡ್ಡು) ಕೊಟ್ಟು, ಅಲ್ಲಿನ ಸಿಮ್ ಹಾಕಿಕೊಟ್ಟು, ನಾಲ್ಕು ಗಂಟೆ ಬಿಟ್ಟೆವು. ನಾನು ಗಡಿಯಾರ ನೋಡುತ್ತಾ ಕೂತಿದ್ದೆ. ಹೇಳಿದ್ದಕ್ಕಿಂತ ಹತ್ತು ನಿಮಿಷ ಮುಂಚೆ ಬಂದರು. ಅಕ್ಕ ತಮ್ಮ ನಗುತ್ತಾ, ಒಬ್ಬರ ಮಾತು ಒಬ್ಬರು ತುಂಡು ಮಾಡುತ್ತಾ ರೈಲಿನ ಕತೆ ಹೇಳಿದರು. ಇಡೀ ಪ್ರವಾಸದಲ್ಲಿ ಅವರು ಇವತ್ತಿಗೂ ನೆನೆಯುವುದು ಆ ನಾಲ್ಕು ಗಂಟೆಯನ್ನೇ. ವಾಟ್ ಫೋ ದೇವಾಲಯದ 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ನಾನು ಮರೆಯುವುದಿಲ್ಲ. ಅವರಿಗೆ ರೈಲೇ ದೊಡ್ಡದು. ಇರಲಿ, ಅವರ ರಜೆ ಅದು. ಹಾಗಾಗಿ ಸಿಟಿಗೆ ನಾಲ್ಕು ದಿನ, ಬೀಚಿಗೆ ಮೂರು ದಿನ ಇಡಿ. ಮೂರನೇ ಊರು ಸೇರಿಸಲೇಬೇಡಿ.

ಫುಕೆಟ್ಟಾ ಬಾಲಿನಾ ಅಂದರೆ, ದಸರಾಕ್ಕೇ ಹೋಗುವುದಾದರೆ ಬಾಲಿ. ಅದು ಭೂಮಧ್ಯರೇಖೆಯ ಆಚೆ ಇದೆ, ಏಪ್ರಿಲ್‌ನಿಂದ ಅಕ್ಟೋಬರ್ ಅಲ್ಲಿ ಒಣಹವೆ. ಆದರೆ ಅಲ್ಲೂ ಯಾವ ದಿಕ್ಕಿನ ಬೀಚು ಅಂತ ನೋಡಿ. ಕುಟಾ, ಸೆಮಿನ್ಯಾಕ್ ಸರ್ಫಿಂಗ್ ಮಾಡುವವರ ಅಲೆಯ ಜಾಗ. ಮಕ್ಕಳು ನೀರಲ್ಲಿ ಆಡಬೇಕಾದರೆ ಪೂರ್ವದ ಸಾನುರ್ ಅಥವಾ ನುಸಾ ದುವಾ. ಸಿಟಿಗೆ ದಾರಿಯಲ್ಲಿ ಕೌಲಾಲಂಪುರ ಅಥವಾ ಸಿಂಗಾಪುರ. ಸಿಂಗಾಪುರಕ್ಕೆ ನಮಗೆ ಮುಂಚೆಯೇ ವೀಸಾ ಬೇಕು. ವಿಯೆಟ್ನಾಮಿನ ದಾ ನಾಂಗ್ ಅಗ್ಗ ಅಂತ ಯಾರಾದರೂ ಹೇಳಿದರೆ ಅಕ್ಟೋಬರ್‌ನಲ್ಲಿ ಬೇಡ, ಅಲ್ಲಿನ ಜೋರು ಮಳೆ, ನೆರೆ ಎಲ್ಲ ಆಗಲೇ.

ಆದರೆ ಒಂದು ಮಾತು. ದೊಡ್ಡ ಮಗುವಿಗೆ 17 ಅಂದರೆ ಸೆಕೆಂಡ್ ಪಿಯುಸಿ ಅಲ್ವಾ? ಹಾಗಿದ್ದರೆ ದಸರಾ ಬೇಡವೇ ಬೇಡ. ಪುಸ್ತಕ ಬ್ಯಾಗಲ್ಲಿ ಇಟ್ಟುಕೊಂಡು ಯಾರೂ ಖುಷಿಯಾಗಿ ಇರುವುದಿಲ್ಲ. ಪರೀಕ್ಷೆ, ಸಿಇಟಿ, ನೀಟ್ ಎಲ್ಲ ಮುಗಿಸಿ ಮೇ ತಿಂಗಳಲ್ಲಿ ಹೋಗಿ. ಆಗ ಫುಕೆಟ್ ಕಡೆ ಮತ್ತೆ ಅಲೆ ಏಳಲು ಶುರುವಾಗಿರುತ್ತದೆ. ಥಾಯ್ಲೆಂಡೇ ಬೇಕಾದರೆ ಇನ್ನೊಂದು ಮಗ್ಗುಲಿನ ಕೋ ಸಮುಯಿಗೆ ಹೋಗಿ, ಅಲ್ಲಿ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್. ಫುಕೆಟ್, ಕ್ರಾಬಿ ಚೆನ್ನಾಗಿರುವುದು ಡಿಸೆಂಬರ್‌ನಿಂದ ಏಪ್ರಿಲ್.

ಚಿಕ್ಕಪುಟ್ಟದ್ದು: ಮಕ್ಕಳ ಪಾಸ್‌ಪೋರ್ಟ್ ನೋಡಿ. ನಮ್ಮದು ಹತ್ತು ವರ್ಷ, ಅವರದು ಸಾಮಾನ್ಯವಾಗಿ ಐದೇ. ಪ್ರಯಾಣದ ದಿನಕ್ಕೆ ಆರು ತಿಂಗಳಾದರೂ ಉಳಿದಿರಬೇಕು. ಥಾಯ್ಲೆಂಡಿಗೆ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು, ತಲುಪುವ ಮುಂಚಿನ ಮೂರು ದಿನದೊಳಗೆ, ಉಚಿತ. ಒಂದು ಊರಿಗೆ ಇಳಿದು ಇನ್ನೊಂದು ಊರಿಂದ ವಾಪಸ್ ಬರುವ ಟಿಕೆಟ್ ಮಾಡಿಸಿ, ಒಂದು ದಿನ ಉಳಿಯುತ್ತದೆ. ಮೊದಲು ಬೀಚು, ಆಮೇಲೆ ಸಿಟಿ.

ಟಿಕೆಟ್ ಮಾಡಿಸುವ ಮುಂಚೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಇಬ್ಬರು ಮಕ್ಕಳನ್ನೂ ಕೇಳಿ. ಅವರು ಯಾವುದೋ ದ್ವೀಪ ಆ ತಿಂಗಳು ಮುಚ್ಚಿರುತ್ತೆ ಅಂದರೆ, ಯಾಕೆ ಅಂತ ಕೇಳಿ.